ವೀಸಾ ನಿರಾಕರಣೆಯಾದ ಮೇಲೆ: ಮೇಲ್ಮನವಿಯೂ ಮನೆಯ ಮೌನವೂ

(ವಿದೇಶ ವ್ಯಾಸಂಗಕ್ಕೆ ಮಕ್ಕಳನ್ನು ಕಳುಹಿಸಿರುವ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಕರಾವಳಿಯ ಮನೆಗಳಿಗೆ ವೀಸಾ ಎಂಬ ಪದ ಹೊಸದಲ್ಲ. ಆದರೆ ನಾವು ಬಲ್ಲ ವೀಸಾ ಗಲ್ಫಿನ ದುಡಿಮೆಯ ವೀಸಾ. ಅಲ್ಲಿ ಕಫೀಲನಿರುತ್ತಾನೆ, ಅವನ ಕಚೇರಿಯಲ್ಲಿ ಪರಿಚಯದವರೊಬ್ಬರಿರುತ್ತಾರೆ, ತೊಡಕಾದರೆ ಯಾರಾದರೂ ಮಾತನಾಡಿ ಸರಿಪಡಿಸುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ವಿದ್ಯಾರ್ಥಿ ವೀಸಾದ ಜಗತ್ತಿಗೂ ನಾವು ಇದೇ ತಿಳಿವಳಿಕೆಯನ್ನು ಹೊತ್ತುಕೊಂಡು ಹೋಗಿದ್ದೇವೆ. ಮಗ ಪರೀಕ್ಷೆಗಳಲ್ಲಿ ಅನುತ್ತೀರ್ಣನಾಗಿ, ವೀಸಾ ನಿರಾಕರಿಸಲ್ಪಟ್ಟಿತೆಂಬ ಸುದ್ದಿ ಬಂದೊಡನೆ ನಮ್ಮ ಬಾಯಿಂದ ಹೊರಡುವ ಮೊದಲ ಪ್ರಶ್ನೆ, "ಅಲ್ಲಿ ನಮ್ಮವರು ಯಾರಿದ್ದಾರೆ?" ಎಂಬುದು. ಕೇಳಬೇಕಾಗಿದ್ದ ಪ್ರಶ್ನೆ, "ಪತ್ರ ಬಂದ ದಿನಾಂಕ ಯಾವುದು?" ಎಂಬುದಾಗಿತ್ತು.

ಮೇಲ್ಮನವಿ ಎಂಬ ಒಂದೇ ಪದವನ್ನು ನಾವು ಎಲ್ಲ ದೇಶಗಳಿಗೂ ಬಳಸುತ್ತೇವೆ. ವಾಸ್ತವದಲ್ಲಿ ಪ್ರತಿ ದೇಶದಲ್ಲೂ ಅದರ ಅರ್ಥ ಬೇರೆ. ಬ್ರಿಟನ್ 2014ರ ವಲಸೆ ಕಾನೂನಿನ ಮೂಲಕ ವಿದ್ಯಾರ್ಥಿಗಳ ಮೇಲ್ಮನವಿಯ ಹಕ್ಕನ್ನೇ ತೆಗೆದುಹಾಕಿತು. ಈಗ ಅಲ್ಲಿ ಉಳಿದಿರುವುದು ಅಧಿಕಾರಿಯ ತೀರ್ಮಾನದಲ್ಲಿ ತಪ್ಪಾಗಿದೆಯೇ ಎಂದು ನೋಡುವ ಆಡಳಿತಾತ್ಮಕ ಮರುಪರಿಶೀಲನೆ ಮಾತ್ರ. ಅದನ್ನು ದೇಶದೊಳಗಿದ್ದರೆ 14 ದಿನಗಳಲ್ಲಿ, ಹೊರಗಿದ್ದರೆ 28 ದಿನಗಳಲ್ಲಿ ಕೋರಬೇಕು. ಅಮೆರಿಕದ ದೂತಾವಾಸ ನಿರಾಕರಿಸಿದರೆ ಮೇಲ್ಮನವಿಯೇ ಇಲ್ಲ, ಹೊಸ ಅರ್ಜಿಯೊಂದೇ ದಾರಿ. ಇಂದು ನಾನು ಆಸ್ಟ್ರೇಲಿಯದ ಬಗ್ಗೆಯೇ ಹೆಚ್ಚು ಮಾತನಾಡುತ್ತೇನೆ. ಏಕೆಂದರೆ ಅಲ್ಲಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಚೀನೀಯರ ನಂತರದ ಸ್ಥಾನ ಭಾರತೀಯರದು, ಮತ್ತು ಅಲ್ಲಿ ನಿಜವಾದ ಅರ್ಥದಲ್ಲಿ ಮರುವಿಚಾರಣೆಯ ವ್ಯವಸ್ಥೆಯೊಂದಿದೆ.

ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ಲೆಕ್ಕಶಾಸ್ತ್ರದ ಪದವಿಗೆಂದು ಮೆಲ್ಬರ್ನಿಗೆ ಹೋಗಿದ್ದಾನೆ. ಮೊದಲ ವರ್ಷದ ಶುಲ್ಕಕ್ಕೆ ಉಮ್ಮನ ಚಿನ್ನ ಅಡವಿಗೆ ಹೋಗಿದೆ. ಹೋದ ಮೂರನೆಯ ತಿಂಗಳಿನಿಂದಲೇ ಮನೆಯವರು, ಬಾಯಿಬಿಟ್ಟು ಕೇಳದಿದ್ದರೂ, ಅವನಿಂದ ಹಣ ನಿರೀಕ್ಷಿಸತೊಡಗಿದ್ದಾರೆ. ಹುಡುಗ ರಾತ್ರಿ ಪಾಳಿಯಲ್ಲಿ ಗೋದಾಮಿನಲ್ಲಿ ದುಡಿಯುತ್ತಾನೆ, ಹಗಲು ತರಗತಿಯಲ್ಲಿ ನಿದ್ರಿಸುತ್ತಾನೆ. ನಾಲ್ಕು ವಿಷಯಗಳಲ್ಲಿ ಮೂರರಲ್ಲಿ ಅನುತ್ತೀರ್ಣನಾಗುತ್ತಾನೆ. ಶುಕ್ರವಾರ ಫೋನ್ ಮಾಡಿದಾಗ "ಎಲ್ಲ ಚೆನ್ನಾಗಿದೆ ಉಮ್ಮ" ಎನ್ನುತ್ತಾನೆ. ಮುಂದಿನ ಸೆಮಿಸ್ಟರಿನಲ್ಲೂ ಅದೇ ಕಥೆ. ಈ ಹುಡುಗನಿಗೆ ಹೆಸರಿಡುವ ಅಗತ್ಯವಿಲ್ಲ. ಇಲ್ಲಿ ಕುಳಿತಿರುವ ಕೆಲವರಿಗೆ ಅವನ ಪರಿಚಯವಿದೆ ಎಂದು ನಿಮ್ಮ ಮುಖಗಳೇ ಹೇಳುತ್ತಿವೆ.

ಅವನ ವೀಸಾದ ಮೇಲೆ 8202 ಸಂಖ್ಯೆಯ ಷರತ್ತೊಂದಿದೆ. ನೋಂದಾಯಿತ ಕೋರ್ಸಿನಲ್ಲಿ ದಾಖಲಾತಿ ಮುಂದುವರಿಯಬೇಕು, ವ್ಯಾಸಂಗದ ಪ್ರಗತಿ ಮತ್ತು ಹಾಜರಾತಿ ತೃಪ್ತಿಕರವಾಗಿರಬೇಕು ಎಂಬುದೇ ಆ ಷರತ್ತು. ಒಂದು ಪರೀಕ್ಷೆಯಲ್ಲಿ ಸೋತ ಮಾತ್ರಕ್ಕೆ ಯಾರೂ ವೀಸಾ ಕಿತ್ತುಕೊಳ್ಳುವುದಿಲ್ಲ. ವಿದ್ಯಾರ್ಥಿ ಹಿಂದೆ ಬೀಳುತ್ತಿದ್ದಾನೆಂದು ಕಂಡಾಗ ಸಂಸ್ಥೆಯೇ ಅವನನ್ನು ಕರೆದು ನೆರವಿನ ಯೋಜನೆ ರೂಪಿಸಬೇಕು. ಅದರ ನಂತರವೂ ಪ್ರಗತಿ ಕಾಣದಿದ್ದರೆ "ನಿಮ್ಮ ಬಗ್ಗೆ ಸರಕಾರಕ್ಕೆ ವರದಿ ಮಾಡಲಿದ್ದೇವೆ" ಎಂಬ ಲಿಖಿತ ಸೂಚನೆ ನೀಡಬೇಕು. ಆ ಸೂಚನೆಯ ಬಳಿಕ ಸಂಸ್ಥೆಯೊಳಗೇ ದೂರು ಮತ್ತು ಮೇಲ್ಮನವಿ ಸಲ್ಲಿಸಲು 20 ಕೆಲಸದ ದಿನಗಳ ಅವಕಾಶವಿದೆ. 2018ರ ರಾಷ್ಟ್ರೀಯ ಸಂಹಿತೆ ಇದನ್ನು ಎಲ್ಲ ಸಂಸ್ಥೆಗಳಿಗೂ ಕಡ್ಡಾಯಗೊಳಿಸಿದೆ.

ಪೋಷಕರೇ, ನನ್ನ ಅಭಿಪ್ರಾಯದಲ್ಲಿ ನಿಜವಾದ ಮೇಲ್ಮನವಿ ಇದುವೇ. ಈ 20 ದಿನಗಳಲ್ಲಿ ಹುಡುಗನ ಎದುರಿಗಿರುವವರು ಅವನನ್ನು ಬಲ್ಲ ಅಧ್ಯಾಪಕರು. ಇನ್ನೂ ಯಾವ ವರದಿಯೂ ಸರಕಾರವನ್ನು ತಲುಪಿಲ್ಲ. ಒಳಗಿನ ಮೇಲ್ಮನವಿ ವಿಚಾರಣೆಯಲ್ಲಿರುವಾಗ ಸಂಸ್ಥೆ ದಾಖಲಾತಿಯನ್ನು ಉಳಿಸಿಕೊಳ್ಳಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಹೊರಗಿನ ಒಂಬುಡ್ಸ್‌ಮನ್ ಇದ್ದಾರೆ. ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳಿಗೆಂದೇ 2025ರ ಫೆಬ್ರವರಿ 1ರಿಂದ ರಾಷ್ಟ್ರೀಯ ವಿದ್ಯಾರ್ಥಿ ಒಂಬುಡ್ಸ್‌ಮನ್ ಕಚೇರಿ ಕೆಲಸ ಮಾಡುತ್ತಿದೆ. ಅದಕ್ಕೆ ಶುಲ್ಕವಿಲ್ಲ. ಆದರೆ ನಮ್ಮ ಹುಡುಗ ಆ ಇ-ಮೇಲನ್ನು ತೆರೆಯುವುದೇ ಇಲ್ಲ. ತೆರೆದರೂ ಮನೆಗೆ ಹೇಳುವುದಿಲ್ಲ. ಏಕೆ ಹೇಳುವುದಿಲ್ಲ? ಅನುತ್ತೀರ್ಣನಾದ ಮಗನನ್ನು ಮದುವೆ ಮನೆಯಲ್ಲಿ, ಮಸೀದಿಯ ಅಂಗಳದಲ್ಲಿ ನಾವು ಹೇಗೆ ಮಾತನಾಡಿಸುತ್ತೇವೆಂಬುದನ್ನು ಅವನು ಬಾಲ್ಯದಿಂದ ನೋಡಿದ್ದಾನೆ.

ಹಾಗಾಗಿ ಕಡತ ಮುಂದಿನ ಹಂತ ತಲುಪುತ್ತದೆ. ಸೋತ ವಿಷಯಗಳನ್ನು ಮರಳಿ ಓದಲು ಹೆಚ್ಚಿನ ಸಮಯ ಬೇಕು, ಅದಕ್ಕೆ ಹೊಸ ವೀಸಾ ಬೇಕು. ಅರ್ಜಿ ಸಲ್ಲಿಸುತ್ತಾನೆ. 2024ರ ಮಾರ್ಚ್ 23ರಿಂದ ಜಾರಿಯಲ್ಲಿರುವ ನಿಯಮದಂತೆ ಅರ್ಜಿದಾರ ನೈಜ ವಿದ್ಯಾರ್ಥಿಯೇ ಎಂಬುದನ್ನು ಅಧಿಕಾರಿ ತೂಗಿ ನೋಡುತ್ತಾರೆ. ಎರಡು ವರ್ಷಗಳಲ್ಲಿ ಬೆರಳೆಣಿಕೆಯ ವಿಷಯಗಳಲ್ಲಿ ಉತ್ತೀರ್ಣನಾದವನು, ಪದವಿಯನ್ನು ಬಿಟ್ಟು ಅಗ್ಗದ ಅಡುಗೆ ಕೋರ್ಸಿಗೆ ಸೇರಿದವನು ಓದಲು ಬಂದವನೇ ಅಥವಾ ಉಳಿಯಲು ಬಂದವನೇ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಕಡತದಲ್ಲಿ ಇಲ್ಲದಿದ್ದರೆ ನಿರಾಕರಣೆಯ ಪತ್ರ ಹೊರಡುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಆ ದೇಶದ ಸರಕಾರವನ್ನು ಧರ್ಮಾತ್ಮನೆಂದು ಬಣ್ಣಿಸುವ ಉದ್ದೇಶ ನನಗಿಲ್ಲ. 710 ಡಾಲರ್ ಇದ್ದ ವಿದ್ಯಾರ್ಥಿ ವೀಸಾದ ಅರ್ಜಿ ಶುಲ್ಕವನ್ನು 2024ರ ಜುಲೈಯಲ್ಲಿ 1,600ಕ್ಕೆ, 2025ರ ಜುಲೈಯಲ್ಲಿ 2,000 ಡಾಲರ್‌ಗೆ ಏರಿಸಿದ್ದು ಅವರೇ. ನಿರಾಕರಿಸಿದರೂ ಆ ಹಣ ಮರಳುವುದಿಲ್ಲ. ವಿದೇಶಿ ವಿದ್ಯಾರ್ಥಿಯನ್ನು ಒಂದು ಕೈಯಲ್ಲಿ ಆದಾಯದ ಮೂಲವೆಂದು ಕರೆಯುವುದು, ಮನೆ ಬಾಡಿಗೆ ಏರಿದಾಗ ಇನ್ನೊಂದು ಕೈಯಲ್ಲಿ ಅವನನ್ನೇ ತೋರಿಸುವುದು ಅಲ್ಲಿನ ರಾಜಕೀಯದ ಹಳೆಯ ಚಾಳಿ. ಆದರೆ ಇದನ್ನು ಮೇಲ್ಮನವಿಯಲ್ಲಿ ಬರೆದು ಪ್ರಯೋಜನವಿಲ್ಲ.

ಈಗ ನ್ಯಾಯಮಂಡಳಿಯ ವಿಷಯ. ಹಳೆಯ ಮೇಲ್ಮನವಿ ಮಂಡಳಿಯ ಸ್ಥಾನದಲ್ಲಿ 2024ರ ಅಕ್ಟೋಬರ್ 14ರಿಂದ ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್ ಕಾರ್ಯನಿರ್ವಹಿಸುತ್ತಿದೆ. ಆಸ್ಟ್ರೇಲಿಯದೊಳಗಿದ್ದು ಅರ್ಜಿ ಸಲ್ಲಿಸಿ ನಿರಾಕರಿಸಲ್ಪಟ್ಟವರು ಅಲ್ಲಿಗೆ ಹೋಗಬಹುದು. ಇಲ್ಲಿ ಊರಿನಲ್ಲಿ ಕುಳಿತು ಅರ್ಜಿ ಹಾಕಿದವರಿಗೆ ಸಾಮಾನ್ಯವಾಗಿ ಆ ಹಕ್ಕಿಲ್ಲ. ಅವಧಿ 28 ದಿನ. ನ್ಯಾಯಮಂಡಳಿ ಅದನ್ನು ವಿಸ್ತರಿಸಲಾರದು. ಪತ್ರ ಇ-ಮೇಲಿನಲ್ಲಿ ಬಂದಿದ್ದರೆ, ಕಳುಹಿಸಿದ ದಿನವೇ ತಲುಪಿತೆಂದು ಕಾನೂನು ಭಾವಿಸುತ್ತದೆ. ಹುಡುಗ ಹೆದರಿ ಹತ್ತು ದಿನ ತೆರೆಯದೆ ಇಟ್ಟರೆ ಆ ಹತ್ತು ದಿನಗಳು ಹೋದವು. ಶುಲ್ಕ 3,000 ಡಾಲರ್‌ಗಿಂತ ಹೆಚ್ಚು. ತೀರ್ಪು ಅನುಕೂಲಕರವಾದರೆ ಅರ್ಧ ಮರಳುತ್ತದೆ. ತೀರ್ಮಾನ ಬರಲು ವರ್ಷವೇ ಕಳೆಯಬಹುದು. ಅಷ್ಟು ಕಾಲ ಬ್ರಿಡ್ಜಿಂಗ್ ವೀಸಾದ ಮೇಲೆ, ಅದರ ಷರತ್ತುಗಳಿಗೆ ಬದ್ಧನಾಗಿ ಇರಬೇಕಾಗುತ್ತದೆ.

ಈ ನ್ಯಾಯಮಂಡಳಿ ಅಧಿಕಾರಿಯ ತಪ್ಪು ಹುಡುಕುವುದಕ್ಕಷ್ಟೇ ಕುಳಿತಿರುವುದಲ್ಲ. ಅಧಿಕಾರಿಯ ಸ್ಥಾನದಲ್ಲಿ ತಾನೇ ನಿಂತು ಇಡೀ ವಿಷಯವನ್ನು ಹೊಸದಾಗಿ ನೋಡುತ್ತದೆ, ಹೊಸ ದಾಖಲೆಗಳನ್ನೂ ಸ್ವೀಕರಿಸುತ್ತದೆ. ಇದು ದೊಡ್ಡ ಅನುಕೂಲ. ಆದರೆ ಇದರಲ್ಲೇ ಅಪಾಯವೊಂದು ಅಡಗಿದೆ. ನಿರ್ಣಯವಾಗುವ ದಿನದಂದು ಅರ್ಜಿದಾರ ಕೋರ್ಸೊಂದಕ್ಕೆ ದಾಖಲಾಗಿರಬೇಕು. ಆ ದೃಢೀಕರಣ ಪತ್ರ ಕಡತದಲ್ಲಿರಬೇಕು. ಶುಲ್ಕ ಕಟ್ಟಿ, ವಕೀಲರನ್ನು ಹಿಡಿದು, ಕಾಯುವ ಅವಧಿಯಲ್ಲಿ ಕಾಲೇಜನ್ನು ಬಿಟ್ಟು ಪೂರ್ಣಾವಧಿ ದುಡಿಮೆಗೆ ಇಳಿದವನ ಮೇಲ್ಮನವಿ ಈ ಒಂದೇ ಕಾರಣಕ್ಕೆ ಬಿದ್ದುಹೋಗುತ್ತದೆ. ಅವನ ಉಳಿದ ವಾದವನ್ನು ಓದುವ ಅಗತ್ಯವೂ ಬೀಳುವುದಿಲ್ಲ.

ಮೇಲ್ಮನವಿಯಲ್ಲಿ ಏನು ಬರೆಯಬೇಕು? ನಮ್ಮವರು ಬರೆಯುವ ಪತ್ರಗಳಲ್ಲಿ ಬಡತನವಿರುತ್ತದೆ, ತಾಯಿಯ ಕಣ್ಣೀರಿರುತ್ತದೆ, ಘನ ಸರಕಾರದ ಔದಾರ್ಯದ ಹೊಗಳಿಕೆಯಿರುತ್ತದೆ. ದಿನಾಂಕವೊಂದೇ ಇರುವುದಿಲ್ಲ. ಯಾವ ಸೆಮಿಸ್ಟರಿನಲ್ಲಿ ಯಾವ ವಿಷಯದಲ್ಲಿ ಸೋತೆ, ಆಗ ಏನಾಗಿತ್ತು, ಅದಕ್ಕೆ ಅಂದಿನದೇ ದಾಖಲೆ ಯಾವುದು, ಅನಂತರ ಏನು ಬದಲಾಯಿತು, ಬದಲಾದುದಕ್ಕೆ ಅಂಕಪಟ್ಟಿಯ ಸಾಕ್ಷ್ಯವೇನು? ಓದುವವರಿಗೆ ಬೇಕಾದುದು ಇಷ್ಟು. ತಂದೆ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ಅದರ ಇಂಗ್ಲಿಷ್ ಅನುವಾದ ಬೇಕು. ಖಿನ್ನತೆಯಿಂದ ಬಳಲಿದ್ದರೆ ಆಗ ಕಂಡ ವೈದ್ಯರ ಅಥವಾ ಸಮಾಲೋಚಕರ ಟಿಪ್ಪಣಿ ಬೇಕು. ಸೋಲಿನ ನಂತರದ ಒಂದು ಸೆಮಿಸ್ಟರಿನಲ್ಲಿ ಎಲ್ಲ ವಿಷಯಗಳಲ್ಲೂ ಉತ್ತೀರ್ಣನಾಗಿದ್ದರೆ, ಆ ಒಂದು ಹಾಳೆ ಹತ್ತು ಪುಟಗಳ ವಿನಂತಿಗಿಂತ ಭಾರವಾದುದು.

ದುಡಿಮೆಯೇ ಕಾರಣವಾಗಿದ್ದರೆ? ಇದು ಕಠಿಣ ಪ್ರಶ್ನೆ. 2023ರ ಜುಲೈಯಿಂದ ತರಗತಿಗಳು ನಡೆಯುವ ಅವಧಿಯಲ್ಲಿ ಎರಡು ವಾರಕ್ಕೆ 48 ಗಂಟೆಗಳ ಮಿತಿಯಿದೆ. ಮಿತಿಯೊಳಗೆ ದುಡಿದು ಬಳಲಿದ್ದರೆ ಹಾಗೆಂದು ಹೇಳಿ, ಈಗ ಶುಲ್ಕವನ್ನು ಮನೆಯವರೇ ಭರಿಸುತ್ತಿದ್ದಾರೆಂದು ಬ್ಯಾಂಕ್ ದಾಖಲೆಗಳಿಂದ ತೋರಿಸಬೇಕು. ಅಂದರೆ, ಮೇಲ್ಮನವಿಯ ಒಂದು ಭಾಗವನ್ನು ನಾವು ಬರೆಯಬೇಕಾಗಿದೆ, ನಮ್ಮ ನಿರೀಕ್ಷೆಯನ್ನು ಕೈಬಿಡುವ ಮೂಲಕ. ಮಿತಿ ಮೀರಿದ್ದರೆ ಅದು ಮತ್ತೊಂದು ಷರತ್ತಿನ ಉಲ್ಲಂಘನೆ. ಬಲ್ಲ ಕಾನೂನು ಸಲಹೆಗಾರರನ್ನು ಕಾಣದೆ ಒಂದು ಸಾಲನ್ನೂ ಬರೆಯಬಾರದು. ಸಲಹೆಗಾರರೆಂದರೆ ಕಾಲೇಜಿಗೆ ಸೇರಿಸಿದ ನಮ್ಮ ಪೇಟೆಯ ಏಜೆಂಟರಲ್ಲ. ಆಸ್ಟ್ರೇಲಿಯದಲ್ಲಿ ಹಣ ಪಡೆದು ವಲಸೆಯ ಸಲಹೆ ಕೊಡಬಹುದಾದವರು ಅಲ್ಲಿನ ನೋಂದಾಯಿತ ವಲಸೆ ಏಜೆಂಟರು ಮತ್ತು ವಕೀಲರು. ನೋಂದಾಯಿತರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು.

ಇನ್ನೊಂದು ಪಿಡುಗಿನ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಪರಿಚಯದ ವೈದ್ಯರಿಂದ ಹಿಂದಿನ ದಿನಾಂಕ ಹಾಕಿಸಿ ಅನಾರೋಗ್ಯದ ಪ್ರಮಾಣಪತ್ರ ತರಿಸುವುದನ್ನು ನಾವು ಅಪರಾಧವೆಂದೇ ಭಾವಿಸುವುದಿಲ್ಲ. ಶಾಲೆಯ ರಜೆಗೆ ತಂದೆವು, ಈಗ ವೀಸಾಕ್ಕೂ ತರುತ್ತೇವೆ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಆ ಕಾರಣಕ್ಕೇ ವೀಸಾ ನಿರಾಕರಣೆಯಾಗಿ, ಮೂರು ವರ್ಷ ಹೊಸ ವೀಸಾ ಸಿಗದಂತೆ ತಡೆ ಬೀಳಬಹುದು. ಓದಿನಲ್ಲಿ ಹಿಂದೆ ಬಿದ್ದವನೆಂಬ ಕಡತ ಆಗ ವಂಚಕನೆಂಬ ಕಡತವಾಗುತ್ತದೆ. ಮುಂದೆ ಬೇರೆ ದೇಶಕ್ಕೆ ಅರ್ಜಿ ಹಾಕುವಾಗಲೂ ಹಿಂದಿನ ನಿರಾಕರಣೆಯ ಪ್ರಶ್ನೆಗೆ ಉತ್ತರ ಬರೆಯಬೇಕಾಗುತ್ತದೆ.

ಎಲ್ಲರೂ ಮೇಲ್ಮನವಿ ಸಲ್ಲಿಸಲೇಬೇಕೆಂದು ನಾನು ಹೇಳಲಾರೆ. ತೋರಿಸಲು ಕಾರಣವಿಲ್ಲ, ದಾಖಲೆಯಿಲ್ಲ, ಹುಡುಗನಿಗೆ ಓದುವ ಮನಸ್ಸೂ ಇಲ್ಲ ಎಂದಾದರೆ ಮೇಲ್ಮನವಿ ಎಂಬುದು ದುಡಿಯಲು ಕಾಲಾವಕಾಶವನ್ನು ಕೊಳ್ಳುವ ವ್ಯವಹಾರವಷ್ಟೇ. ವರ್ಷ ಕಳೆದ ಮೇಲೆ ಸೋತರೆ ಸಾಮಾನ್ಯವಾಗಿ 35 ದಿನಗಳಲ್ಲಿ ಬ್ರಿಡ್ಜಿಂಗ್ ವೀಸಾ ಮುಗಿಯುತ್ತದೆ. ಅದರ ಬಳಿಕ ಉಳಿದವನು ಕಾನೂನುಬಾಹಿರ ನಿವಾಸಿ. ಅಂಥವನಿಗೆ "ಮರಳಿ ಬಾ ಮಗನೇ" ಎಂದು ಹೇಳುವ ಧೈರ್ಯವನ್ನು ಮನೆಯವರು ತೋರಬೇಕು. ಹಾಗೆ ಮರಳುವವನು ಉತ್ತೀರ್ಣನಾದ ವಿಷಯಗಳ ಅಧಿಕೃತ ಅಂಕಪಟ್ಟಿಯನ್ನೂ ಪಠ್ಯಕ್ರಮದ ಪ್ರತಿಯನ್ನೂ ಅಲ್ಲಿಂದ ಹೊರಡುವ ಮುನ್ನವೇ ಪಡೆದುಕೊಳ್ಳಬೇಕು. ಬಾಕಿ ಶುಲ್ಕವಿದ್ದರೆ ಸಂಸ್ಥೆ ಅದನ್ನು ತಡೆಹಿಡಿಯಬಹುದು, ಊರಿಗೆ ಬಂದ ಮೇಲೆ ಅದನ್ನು ಬಿಡಿಸಿಕೊಳ್ಳುವುದು ಇನ್ನೂ ಕಷ್ಟ.