ಚರ್ಮದ ಕಲೆ, ಮನಸ್ಸಿನ ಗಾಯ



ಹಬ್ಬದ ದಿನ ರೋಗದ ಮಾತೇಕೆಂದು ತಾವು ಕೇಳಬಹುದು. ಈ ಸಭೆಗೆ ಬಾರದೆ ಮನೆಯಲ್ಲೇ ಉಳಿದವರ ಸಲುವಾಗಿ ಈ ಮಾತು. ಮುಖದ ಮೇಲೊಂದು ಬಿಳಿ ಮಚ್ಚೆ ಮೂಡಿದರೆ ಸಾಕು, ಹುಡುಗಿ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಡುತ್ತಾಳೆ. ಪರಸ್ಥಳದಲ್ಲಿ ನಮ್ಮವರೆಂಬುವರೇ ಕೆಲವರು. ಅವರ ಕಣ್ಣಿಗೂ ಅಂಜಿದರೆ ಆಕೆಗೆ ಉಳಿಯುವುದು ನಾಲ್ಕು ಗೋಡೆ.

ತೊನ್ನು ಅಂಟುರೋಗವಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುವುದರಿಂದ ಅದು ಬರುತ್ತದೆ. ಅದನ್ನು ‘ಬಿಳಿ ಕುಷ್ಠ’ವೆಂದು ಕರೆದದ್ದು ಬರಿಯ ಅಜ್ಞಾನ. ಇನ್ನು ಕುಷ್ಠವಾದರೂ 6 ಅಥವಾ 12 ತಿಂಗಳ ಔಷಧದಿಂದ ಗುಣವಾಗುವಂಥದು. ಆದರೂ ವಿವಾಹ ವಿಚ್ಛೇದನದ ಕಾರಣಗಳಿಂದ ಕಾನೂನು ಅದನ್ನು ಕೈಬಿಟ್ಟದ್ದು 2019ರಲ್ಲಿ! ನಮಗೆ ಸಮೀಪದ ಕೂಕಟ್‌ಪಲ್ಲಿಯಲ್ಲಿ ರಾಣಿ ಕುಮುದಿನೀದೇವಿಯವರು 1958ರಲ್ಲಿ ಸ್ಥಾಪಿಸಿದ ಶಿವಾನಂದ ಪುನರ್ವಸತಿ ಗೃಹವು ಕುಷ್ಠರೋಗಿಗಳಿಗೆ ಆಶ್ರಯವಿತ್ತಿತು. ಔಷಧದಷ್ಟೇ ಅವರಿಗೆ ಬೇಕಾಗಿದ್ದುದು ಮನುಷ್ಯರ ನಡುವೆ ಒಂದು ಸ್ಥಾನ.

ಸೋರಿಯಾಸಿಸ್ ಇದ್ದವರಿಗೆ ತುರಿಕೆ ನಿದ್ದೆಯನ್ನು ಕೆಡಿಸುತ್ತದೆ. ಚಿಂತೆ ರೋಗವನ್ನು ಕೆರಳಿಸುತ್ತದೆ. ಹೀಗೆ ಒಂದನ್ನೊಂದು ಬೆಳೆಸುತ್ತವೆ. ಆದುದರಿಂದ ಚರ್ಮವನ್ನು ವೈದ್ಯರಿಗೆ ತೋರಿಸುವಾಗ ಮನಸ್ಸಿನ ದುಗುಡವನ್ನೂ ಹೇಳಿಕೊಳ್ಳಬೇಕು. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್‌ಗೆ 14416ರಲ್ಲಿ ಹಣವಿಲ್ಲದೆ ಫೋನು ಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಒಂದು.

ಉಳಿದದ್ದು ನಮ್ಮ ಕೆಲಸ. ಕಲೆಯನ್ನು ದಿಟ್ಟಿಸಬೇಡಿ, ಕೇಳದೆ ಔಷಧ ಹೇಳಬೇಡಿ. ‘ಹಿಂದಿನ ಜನ್ಮದ ಪಾಪ’ವೆಂಬ ಮಾತಂತೂ ಯಾರ ಬಾಯಲ್ಲೂ ಬಾರದಿರಲಿ. ಅಂಥವರನ್ನು ಮನೆಗೆ ಹೋಗಿ ಕರೆಯಿರಿ; ಬಂದರೆ ಪಕ್ಕದಲ್ಲಿ ಕೂಡಿಸಿಕೊಂಡು ಒಂದೇ ಪಂಕ್ತಿಯಲ್ಲಿ ಊಟಮಾಡಿರಿ.