ಅನ್ನ ಮಾರುವವರ ಧರ್ಮ

(ಶ್ರಾವಣ ಮಾಸದ ಪ್ರವಚನ)



ನಿನ್ನೆಯ ದಿನ ದಾಸೋಹದ ವಿಚಾರ ಹೇಳಿ ನಿಲ್ಲಿಸಿದ್ದೆವು. ಅದು ಅನ್ನವನ್ನು ನೀಡುವವರ ಮಾತು. ಇಂದು ಅನ್ನವನ್ನು ಮಾರುವವರ ಮಾತನ್ನು ಎತ್ತಿಕೊಳ್ಳುತ್ತೇವೆ. ಪೀಠದ ಮೇಲೆ ಕುಳಿತು ಹೋಟೆಲಿನ ಪುರಾಣ ಹೇಳುವದೇ ಎಂದು ಯಾರಾದರೂ ನಗಬಹುದು. ನಗಲಿ. ಈ ಮಾತನ್ನು ಹೇಳದೆ ಬಿಟ್ಟರೆ ನಮ್ಮದೇ ಒಂದು ತಪ್ಪನ್ನು ಮುಚ್ಚಿಟ್ಟಂತಾಗುತ್ತದೆ. ಅದಕ್ಕಾಗಿ ಹೇಳುತ್ತೇವೆ.

ನಮ್ಮ ಈ ಸೀಮೆ ಅನ್ನ ನೀಡುವದರಲ್ಲಿ ಹೆಸರಾದದ್ದು. ಮುಂಡರಗಿಯ ಮಠದ ಹೆಸರೇ ಅನ್ನದಾನೀಶ್ವರ ಮಠ. ಡಂಬಳದ ರೊಟ್ಟಿ ಜಾತ್ರೆಗೆ ತಾಯಂದಿರು ಜೋಳದ ರೊಟ್ಟಿ ಬಡಿದು ತರುತ್ತಾರೆ. ಜಾತಿ ಮತ ಕೇಳದೆ ಎಲ್ಲರೂ ಕರಿಂಡಿ ಹಚ್ಚಿಕೊಂಡು ಉಣ್ಣುತ್ತಾರೆ. ಇಂಥ ನಾಡಿನಲ್ಲಿ ಅನ್ನಕ್ಕೆ ಬೆಲೆ ಕಟ್ಟುವವನನ್ನು ಜನ ಸ್ವಲ್ಪ ಕೀಳಾಗಿ ನೋಡುವದುಂಟು. ಅದು ಸರಿಯಲ್ಲ. ಸಂತೆಗೆ ಬಂದವನು, ಕೋರ್ಟಿಗೆ ಬಂದವನು, ದವಾಖಾನೆಯಲ್ಲಿ ರೋಗಿಯನ್ನು ಮಲಗಿಸಿ ಹೊರಗೆ ನಿಂತವನು, ಇವರೆಲ್ಲ ಹಸಿದಾಗ ಮಠವನ್ನು ಹುಡುಕಿಕೊಂಡು ಬರಲಾರರು. ಖಾನಾವಳಿಯ ತಾಯಿ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ನೀಡಿ ನ್ಯಾಯವಾದ ಹಣ ತೆಗೆದುಕೊಂಡರೆ ಅದೂ ಕಾಯಕವೇ.

ಈಗ ನಮ್ಮ ತಪ್ಪಿನ ಮಾತು. ಲಕ್ಷ್ಮೇಶ್ವರದ ಕಡೆಯ ಒಬ್ಬ ಭಕ್ತ, ನಾಲ್ಕು ತಲೆಮಾರಿನಿಂದ ಮಠಕ್ಕೆ ನಡೆದುಕೊಳ್ಳುವ ಮನೆತನದವನು, ಗದಗ-ಬೆಟಗೇರಿಯಲ್ಲಿ ದೊಡ್ಡದೊಂದು ಹೋಟೆಲು ತೆರೆದ. ಹೆಸರು ಹೇಳುವದಿಲ್ಲ. ಇದು 2018ರ ಅಕ್ಷಯ ತೃತೀಯೆಯ ಮಾತು. ಫೈನ್ ಡೈನಿಂಗ್ ಎಂದು ಅದಕ್ಕೆ ಹೇಳುತ್ತಾರಂತೆ. ಮಂದ ದೀಪ, ಮೆತ್ತನೆಯ ಕುರ್ಚಿ, ಹದಿನಾರು ಪುಟದ ಮೆನು, ಮುಂಬಯಿಯಿಂದ ಕರೆಸಿದ ಮುಖ್ಯ ಅಡಿಗೆಯವನು. ನಮ್ಮ ಜೋಳದ ರೊಟ್ಟಿಯನ್ನು ರೂಪಾಯಿಯಗಲ ಕತ್ತರಿಸಿ, ಅದರ ಮೇಲೆ ಬೆರಳ ತುದಿಯಷ್ಟು ಬದನೆಕಾಯಿ ಇಟ್ಟು, ಅಗಲವಾದ ತಟ್ಟೆಯ ನಡುವೆ ತರುತ್ತಿದ್ದರೆಂದು ಕೇಳಿದೆವು. ಉದ್ಘಾಟನೆಗೆ ನಾವೇ ಹೋದೆವು. ಬೆಂಗಳೂರಿನಲ್ಲಿ ಇರುವದೆಲ್ಲ ಗದಗಿನಲ್ಲಿಯೂ ಆಗಲಿ ಎಂದು ಆಶೀರ್ವಚನವನ್ನೂ ನೀಡಿದೆವು. ಎಲ್ಲ ಕೋಣೆಗಳನ್ನು ತೋರಿಸಿದ. ಅಡಿಗೆಮನೆಯ ಕಡೆ ನಾವು ಕಾಲು ಹಾಕಿದಾಗ ಮಾತ್ರ, "ಅಜ್ಜಾರ, ಅಲ್ಲಿ ಎಣ್ಣಿ ಬಿದ್ದೈತ್ರಿ, ಕಾಲು ಜಾರತೈತಿ, ಬ್ಯಾಡ್ರಿ" ಎಂದ. ನಾವು ಹಿಂದಕ್ಕೆ ತಿರುಗಿದೆವು.

ಕಾಶಿಯಲ್ಲಿ ತರ್ಕ ಓದಿದವರು ನಾವು. ತರ್ಕಶಾಸ್ತ್ರದಲ್ಲಿ ಹೊಗೆಯಿಂದ ಬೆಂಕಿಯನ್ನು ಊಹಿಸುವದಕ್ಕೆ ದೃಷ್ಟಾಂತವಾಗಿ ಕೊಡುವದು ಮಹಾನಸವನ್ನು, ಅಂದರೆ ಅಡಿಗೆಮನೆಯನ್ನೇ. ವರ್ಷಗಟ್ಟಲೆ ಆ ದೃಷ್ಟಾಂತವನ್ನು ಬಾಯಿಪಾಠ ಮಾಡಿದ ನಾವು ನಿಜವಾದ ಅಡಿಗೆಮನೆಯ ಹೊಸ್ತಿಲಿನಲ್ಲಿ ನಿಂತು ಒಳಗೆ ಇಣುಕದೆ ಬಂದೆವು.

ಹೋಟೆಲು ಮುಂದಿನ ವರ್ಷ, 2019ರಲ್ಲಿ, ಮುಚ್ಚಿತು. ಅದು ಏಕೆ ಬಿದ್ದಿತು ಎಂದು ತಿಳಿಯಬೇಕಾದರೆ, ಬಿದ್ದು ಎದ್ದ ಇನ್ನೊಂದು ಹೋಟೆಲಿನ ಕಥೆಯನ್ನು ಬದಿಗಿಟ್ಟು ನೋಡಬೇಕು. ಬೆಂಗಳೂರಿನ ಎಂ.ಟಿ.ಆರ್. ಹೆಸರನ್ನು ನೀವೆಲ್ಲ ಕೇಳಿದ್ದೀರಿ. ನಿಮ್ಮ ಮನೆಗಳಲ್ಲಿ ಅದರ ಪುಡಿಯ ಪೊಟ್ಟಣಗಳೂ ಇದ್ದಾವು. ನಾವು ಹೋಟೆಲಿನಲ್ಲಿ ಪ್ರಸಾದ ಸ್ವೀಕರಿಸುವವರಲ್ಲ, ಆದ್ದರಿಂದ ಅಲ್ಲಿಯ ದೋಸೆಯ ರುಚಿಯ ಬಗ್ಗೆ ಸಾಕ್ಷಿ ಹೇಳಲಾರೆವು. ಆ ಮನೆಯವರು ನಡೆದುಕೊಂಡ ರೀತಿಯ ಬಗ್ಗೆ ಮಾತ್ರ ಹೇಳುತ್ತೇವೆ.

ಉಡುಪಿ ಸೀಮೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಅದನ್ನು ತೆರೆದರು. ಆಗ ಅದಕ್ಕೆ ಬ್ರಾಹ್ಮಣ ಕಾಫಿ ಕ್ಲಬ್ ಎಂದು ಹೆಸರು. ಆ ಕಾಲದಲ್ಲಿ ಹೋಟೆಲಿನ ಪಂಕ್ತಿಯಲ್ಲಿಯೂ ಜಾತಿ ಇತ್ತು. ಬಸವಣ್ಣನವರ ಮಹಾಮನೆಯ ನೆನಪಿರುವ ನಾವು ಅದನ್ನು ಒಪ್ಪಲಾರೆವು. ಆದರೆ ನಮ್ಮ ಪೇಟೆಗಳಲ್ಲಿ ಲಿಂಗಾಯತ ಖಾನಾವಳಿ ಎಂಬ ಬೋರ್ಡು ತೂಗುಹಾಕಿದವರೂ ನಾವೇ ಎಂಬುದನ್ನು ಮರೆತು ಅವರನ್ನು ಅನ್ನುವದು ಬೇಡ. ಮಯ್ಯರಾದರೂ ಮುಂದೆ ಆ ಹೆಸರನ್ನು ಬಿಟ್ಟರು. ಊರಭಾಗದ ಹೆಸರನ್ನೇ ಇಟ್ಟು ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಕರೆದರು.

ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ದೇಶ ಜಪಾನಿನ ಕೈಸೇರಿ ಅಲ್ಲಿಂದ ಬರುವ ಅಕ್ಕಿ ನಿಂತುಹೋಯಿತು. ಇಡ್ಲಿಗೆ ಅಕ್ಕಿಯಿಲ್ಲ. ಆಗ ರವೆಯಿಂದ ಇಡ್ಲಿ ಮಾಡಿ ನೋಡಿದರು. ರವಾ ಇಡ್ಲಿ ಹುಟ್ಟಿದ್ದು ತಮ್ಮಲ್ಲಿಯೇ ಎಂದು ಆ ಮನೆಯವರು ಹೇಳುತ್ತಾರೆ. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೋದರು. ನಮ್ಮ ಭಕ್ತನೂ ದುಬೈಗೆ ಹೋಗಿ ಬಂದಿದ್ದ. ಅಲ್ಲಿಯ ದೀಪಗಳನ್ನು, ಕುರ್ಚಿಗಳನ್ನು ಫೋಟೋ ತೆಗೆದುಕೊಂಡು ಬಂದಿದ್ದ. ಮಯ್ಯರು ಅಲ್ಲಿ ನೋಡಿದ್ದು ಹೋಟೆಲುಗಳ ಶುಚಿತ್ವವನ್ನು. ಮರಳಿದ ಮೇಲೆ ಪಾತ್ರೆಗಳನ್ನು ಉಗಿಯಿಂದ ಶುದ್ಧಿಮಾಡುವ ಏರ್ಪಾಡು ತಂದರು. ಅಡಿಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ಮುಚ್ಚಲಿಲ್ಲ. ಅದನ್ನು ಹಾಯ್ದೇ ಊಟದ ಕೋಣೆಗೆ ಹೋದದ್ದನ್ನು ನೆನೆಯುವ ಹಿರಿಯರು ಈಗಲೂ ಇದ್ದಾರೆ. ಬೆಳ್ಳಿಯ ಲೋಟದಲ್ಲಿ ಕಾಫಿ ಕೊಡುತ್ತಿದ್ದರು. ಡೌಲು ಅಲ್ಲಿಯೂ ಇತ್ತು, ಇಲ್ಲವೆನ್ನುವದಿಲ್ಲ. ಒಲೆಯ ಕೆಲಸ ಸರಿಯಾದ ಮೇಲೆ ಬೆಳ್ಳಿ ಬಂತು, ಇಷ್ಟೇ.

1975ರ ಜೂನ್ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿ ಬಂತು. ನಮಗೆ ಆಗ ನಾಲ್ಕೈದು ವರ್ಷ. ಹಿರಿಯರಿಂದ ಕೇಳಿದ್ದು, ಓದಿದ್ದು ಹೇಳುತ್ತೇವೆ. ಹೋಟೆಲಿನ ತಿಂಡಿಗಳಿಗೆ ಸರಕಾರ ದರ ಕಟ್ಟಿತು. ಬಡವನ ಹೊಟ್ಟೆಗೆ ಅಗ್ಗದಲ್ಲಿ ಸಿಗಲಿ ಎಂಬುದು ಉದ್ದೇಶ. ಉದ್ದೇಶವನ್ನು ನಾವು ಆಡಿಕೊಳ್ಳುವದಿಲ್ಲ. ಆದರೆ ಆ ದರದಲ್ಲಿ ಒಳ್ಳೆಯ ತುಪ್ಪ, ಒಳ್ಳೆಯ ಕಾಫಿಬೀಜ ಹಾಕಿ ಮಾಡಿದರೆ ಪ್ರತಿಯೊಂದು ದೋಸೆಗೂ ನಷ್ಟ. ಇಂಥ ಸಂಕಟದಲ್ಲಿ ಹೋಟೆಲಿನವನ ಮುಂದೆ ಸುಲಭದ ದಾರಿ ಒಂದುಂಟು: ತುಪ್ಪದ ಬದಲು ಡಾಲ್ಡಾ, ಹಾಲಿಗೆ ನೀರು, ಕಾಫಿಗೆ ಚಿಕೋರಿ. ಎಂ.ಟಿ.ಆರ್.ನವರು ಪದಾರ್ಥವನ್ನು ಕೆಡಿಸಲಿಲ್ಲ. ಸರಕಾರದ ದರಕ್ಕೇ ಕೊಟ್ಟರು, ನಷ್ಟ ತಿಂದರು, ಅಂದಂದಿನ ನಷ್ಟವೆಷ್ಟು ಎಂಬುದನ್ನು ಹೊರಗೆ ಬೋರ್ಡಿನ ಮೇಲೆ ಬರೆದು ಹಾಕಿದರೆಂದು ಹೇಳುತ್ತಾರೆ. ಇನ್ನು ನಡೆಯದು ಎಂದಾದಾಗ ಹೋಟೆಲಿನ ಬಾಗಿಲು ಹಾಕಿದರು. ಐವತ್ತು ವರ್ಷ ನಡೆದ ಒಲೆ ಆರಿತು.

ಆದರೆ ಅಲ್ಲಿ ದುಡಿಯುತ್ತಿದ್ದವರು? ಇಲ್ಲಿಯೇ ನಮ್ಮ ಮನಸ್ಸು ನಿಲ್ಲುತ್ತದೆ. ಆ ಕೈಗಳಿಗೆ ಕೆಲಸ ಬೇಕಲ್ಲ ಎಂದು ಪುಡಿಗಳನ್ನು, ರವಾ ಇಡ್ಲಿಯ ಮಿಶ್ರಣವನ್ನು ಮಾಡಿ ಪೊಟ್ಟಣ ಕಟ್ಟಿ ಮಾರುವ ಕೆಲಸಕ್ಕೆ ಕೈಹಚ್ಚಿದರು. ಹೋಟೆಲು ಮುಂದೆ ಪುನಃ ತೆರೆಯಿತು. ಪೊಟ್ಟಣದ ಉದ್ಯಮವನ್ನು 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಎಂಬ ಕಂಪನಿ ಕೊಂಡಿತು. ಹೋಟೆಲು ಮನೆತನದ ಕೈಯಲ್ಲೇ ಉಳಿಯಿತು. 2024ಕ್ಕೆ ಅದಕ್ಕೆ ನೂರು ತುಂಬಿತು.

ಇದನ್ನು ಕೇಳಿ, ಧರ್ಮವಾಗಿ ನಡೆದವನು ಗೆದ್ದೇ ಗೆಲ್ಲುತ್ತಾನೆ, ಬಿದ್ದವನೆಲ್ಲ ಅಧರ್ಮಿ ಎಂದು ತಿಳಿಯಬೇಡಿರಿ. ಕಡಂದಲೆಯ ಕೃಷ್ಣರಾಯರು ಮದ್ರಾಸಿಗೆ ಹೋಗಿ ವುಡ್‌ಲ್ಯಾಂಡ್ಸ್ ಎಂಬ ಹೆಸರನ್ನು ಬೆಳೆಸಿದರು. ಅಲ್ಲಿಯ ಅವರ ಡ್ರೈವ್-ಇನ್ ಹೋಟೆಲು 1962ರಿಂದ ನಡೆದದ್ದು, ಗಿಡಮರಗಳ ನೆರಳಿನಲ್ಲಿ ಕಾರಿನೊಳಗೇ ಕುಳಿತು ತಿನ್ನುವಂಥದು. 2008ರಲ್ಲಿ ಮುಚ್ಚಿತು. ಇಡ್ಲಿ ಕೆಟ್ಟದ್ದರಿಂದಲ್ಲ, ಅದು ನಿಂತ ನೆಲ ಅವರದಾಗಿರಲಿಲ್ಲ. ಸರಕಾರ ನೆಲವನ್ನು ಹಿಂದಕ್ಕೆ ಪಡೆಯಿತು, 2010ರಲ್ಲಿ ಅಲ್ಲಿ ಉದ್ಯಾನವಾಯಿತು. ಏಳುಬೀಳು ಯಾರ ಕೈಯಲ್ಲೂ ಪೂರ್ತಿ ಇಲ್ಲ.

ಮತ್ತೆ ಗದಗಿಗೆ ಬರೋಣ. ಹೋಟೆಲು ಮುಚ್ಚಿದ ಕೆಲವು ವಾರಗಳ ಮೇಲೆ, ಶಿರಹಟ್ಟಿ ಕಡೆಯ ಹಳ್ಳಿಯೊಂದರ ತಾಯಿ ಮಠಕ್ಕೆ ಬಂದಳು. ಅರವತ್ತು ದಾಟಿದ ವಯಸ್ಸು. ನಮ್ಮನ್ನು ಕಾಣದೆ ನೇರ ದಾಸೋಹದ ಮನೆಗೆ ಹೋಗಿ ರೊಟ್ಟಿ ಬಡಿಯಲು ಕುಳಿತಳು. ಸಂಜೆ ಹೊರಡುವಾಗ ಬಂದು ಕೈಮುಗಿದು ಕೇಳಿದಳು: "ಅಜ್ಜಾರ, ಮಠದಾಗ ರೊಟ್ಟಿ ಬಡದ್ರ ಪಗಾರ ಕೇಳಬಾರದು. ಹೋಟೆಲಿನ್ಯಾಗ ಬಡದದ್ದಕ್ಕ ಕೇಳಬೇಕೋ ಬ್ಯಾಡೋ? ನಾಕ ತಿಂಗಳದ್ದು ಬಂದಿಲ್ರಿ. ನೀವು ಬಂದು ಜ್ಯೋತಿ ಹಚ್ಚಿದ ಜಾಗಾ ಅಂತ ಸುಮ್ಮನಿದ್ದೆ." ಆ ಕಡೆಯ ಮಾತು ನಮಗೆ ಹೇಗಾಗಿರಬೇಕು ನೀವೇ ತಿಳಿಯಿರಿ. ವಿಚಾರಿಸಲಾಗಿ ಅವಳೊಬ್ಬಳೇ ಅಲ್ಲ, ಹನ್ನೊಂದು ಜನ. ಹೆಚ್ಚಿನವರು ಮುಂಡರಗಿ, ಶಿರಹಟ್ಟಿ ಕಡೆಯವರು.

ಭಕ್ತನನ್ನು ಕರೆಸಿದೆವು. ಲೆಕ್ಕದ ಪುಸ್ತಕ ತರಹೇಳಿದೆವು. ಹದಿನಾರು ಪುಟದ ಮೆನುವಿಗೆ ಬೇಕಾದ ಪದಾರ್ಥ ತಂದು ತುಂಬುವದು, ಕೇಳುವವರಿಲ್ಲದೆ ಅದು ಕೆಡುವದು. ಜನ ಒಮ್ಮೆ ನೋಡಿ ಹೋಗಲು ಬಂದವರು ಎರಡನೆಯ ಸಲ ಬರಲಿಲ್ಲ. ದೀಪ ಮಂದವಿದ್ದರೂ ಕರೆಂಟಿನ ಬಿಲ್ಲು ಮಂದವಿರಲಿಲ್ಲ. ನಷ್ಟ ಎಂದು ಗೊತ್ತಾದದ್ದು ಯಾವಾಗ ಎಂದು ಕೇಳಿದೆವು. "ಮೂರನೇ ತಿಂಗಳಿಗೇ ಗೊತ್ತಾತ್ರಿ" ಎಂದ. ಆಮೇಲೆ ಏನು ಮಾಡಿದೆ? ಆರು ಎಕರೆ ಎರೆಹೊಲ ಒತ್ತೆಯಿಟ್ಟು ಮೇಲ್ಮಾಳಿಗೆ ಕಟ್ಟಿಸಿದ! ನಷ್ಟ ಕಾಣಬಾರದೆಂದು ಬೆಳೆಸಿದ.

ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆ ಗೊತ್ತಿದ್ದದ್ದೇ. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಒಲೆ ಹೊತ್ತಿಸಲಿಲ್ಲ; ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬಾ ಎಂದು ಗಂಡನನ್ನು ಕಳಿಸಿದಳು. ನಾವು ಈ ಕಥೆಯನ್ನು ಎಷ್ಟೋ ಊರುಗಳಲ್ಲಿ ಹೇಳಿದ್ದೇವೆ. ನಮ್ಮೆದುರು ಒಬ್ಬ ಭಕ್ತ ಹೆಚ್ಚಿಗೆ ತುಂಬಿಕೊಳ್ಳಲು ಹೊರಟಾಗ ಲಕ್ಕಮ್ಮನ ಕೆಲಸ ಮಾಡಬೇಕಾಗಿದ್ದವರು ನಾವು. ಮಾಡಿದ್ದು ಜ್ಯೋತಿ ಹಚ್ಚುವ ಕೆಲಸ.

ಅವನಿಗೆ ಬೆಂಗಳೂರಿನ ಬೋರ್ಡಿನ ಕಥೆ ಹೇಳಿದೆವು. ಅವನು ತಲೆ ತಗ್ಗಿಸಿ ಕೇಳಿದ, ಆಮೇಲೆ ಒಂದು ಮಾತು ಹೇಳಿದ: "ಅಜ್ಜಾರ, ಅವರ ನಷ್ಟ ಸರಕಾರದಿಂದ ಆತು, ಬರದ್ರ ಮರ್ಯಾದಿ ಹೆಚ್ಚಾತು. ನನ್ನ ನಷ್ಟ ನನ್ನಿಂದ ಆತು. ನಾ ಬರದಿದ್ರ ಮರುದಿನಾನ ಸಾಲ ಕೊಟ್ಟವರು ಬಾಗಲದಾಗ ನಿಂದರ್ತಿದ್ರು." ಈ ಮಾತಿನಲ್ಲಿ ಹುರುಳಿದೆ. ಅದಕ್ಕೆ ನಾವು ಕೂಡಲೇ ಉತ್ತರ ಕೊಡಲಾರದೆ ಹೋದೆವು. ಸಂಸ್ಕೃತದಲ್ಲಿ ಸಾಲ ಕೊಟ್ಟವನನ್ನು ಉತ್ತಮರ್ಣ, ಸಾಲಗಾರನನ್ನು ಅಧಮರ್ಣ ಎನ್ನುತ್ತಾರೆ. ಅವನಿಗೆ ಹೇಳಿದ್ದು ಇಷ್ಟೇ: ತಮ್ಮಾ, ಬ್ಯಾಂಕಿನವರಿಗೂ ಬಡ್ಡಿಯವರಿಗೂ ನೀನು ಹೆದರಿದೆ, ಸರಿ. ಆ ರೊಟ್ಟಿಯ ತಾಯಿಯೂ ನಿನ್ನ ಉತ್ತಮರ್ಣಳೇ. ಅವಳಿಗೆ ನೀನು ಹೆದರಲಿಲ್ಲ. ಅವಳು ಬಾಗಿಲಿಗೆ ಬಂದು ನಿಲ್ಲುವವಳಲ್ಲ ಎಂದು ನಿನಗೆ ಗೊತ್ತಿತ್ತು.

ಎಂಟು ದಿನದ ಮೇಲೆ ಒಂದು ಟ್ರ್ಯಾಕ್ಟರಿನ ತುಂಬ ಅಡಿಗೆಯ ಪಾತ್ರೆಗಳನ್ನು ಹೇರಿಕೊಂಡು ಬಂದ. ಕೊಳಗ, ಹಂಡೆ, ಹಿಟ್ಟು ನಾದುವ ಯಂತ್ರ. "ದಾಸೋಹಕ್ಕ ಭಕ್ತಿಯಿಂದ ಒಪ್ಪಿಸ್ತೀನ್ರಿ" ಎಂದ. ನಾವು ಇಳಿಸಿಕೊಳ್ಳಲಿಲ್ಲ. ಹನ್ನೊಂದು ಜನರ ಪಗಾರ ಆ ಪಾತ್ರೆಗಳಲ್ಲಿ ಇರುವಾಗ ಅದು ನಿನ್ನ ಭಕ್ತಿಯ ಕಾಣಿಕೆ ಹೇಗಾಗುತ್ತದೆ ಎಂದೆವು. ಪೇಟೆಯ ಇಬ್ಬರು ವರ್ತಕರನ್ನು ಕರೆಸಿ ಬೆಲೆ ಕಟ್ಟಿಸಿ, ಮಠದಿಂದ ಹಣ ಕೊಟ್ಟು ಕೊಂಡೆವು. ಆ ಹಣ ಅವನ ಕೈಗೆ ಹೋಗಲಿಲ್ಲ. ಏಳು ಜನರಿಗೆ ಅಲ್ಲಿಯೇ, ರೊಟ್ಟಿಯ ತಾಯಿಯಿಂದ ಮೊದಲುಮಾಡಿ, ಎಣಿಸಿ ಕೊಟ್ಟೆವು. ಇಂದು ಮಧ್ಯಾಹ್ನ ನೀವು ಉಂಡ ಸಾರು ಅದೇ ಕೊಳಗದ್ದು.

ಉಳಿದ ನಾಲ್ವರಲ್ಲಿ ಮೂವರಿಗೆ ಮುಂದಿನ ಉಳ್ಳಾಗಡ್ಡಿಯ ಬೆಳೆ ಬಂದ ಮೇಲೆ ಅವನೇ ಮನೆಮನೆಗೆ ಹೋಗಿ ಮುಟ್ಟಿಸಿದ. ಒತ್ತೆಯ ಹೊಲ ಇನ್ನೂ ಬಿಡಿಸಿಕೊಂಡಿಲ್ಲ. ಈಗ ಲಕ್ಷ್ಮೇಶ್ವರದಲ್ಲಿ ಹೆಂಡತಿಯೊಡನೆ ಸಣ್ಣದೊಂದು ಖಾನಾವಳಿ ನಡೆಸುತ್ತಾನೆ. ಹೋದ ತಿಂಗಳು ಆ ದಾರಿಯಲ್ಲಿ ಹೋಗುವಾಗ ನಾವು ಹೇಳದೆ ಕೇಳದೆ ಇಳಿದು ಹಿಂಬಾಗಿಲಿನಿಂದ ಅಡಿಗೆಮನೆಗೆ ಹೊಕ್ಕೆವು. ನೆಲದ ಮೇಲೆ ಎಣ್ಣೆ ಇರಲಿಲ್ಲ.

ಹನ್ನೊಂದನೆಯವನು ಪಾತ್ರೆ ತೊಳೆಯುತ್ತಿದ್ದ ಹುಡುಗ. ಪರರಾಜ್ಯದವನು, ಹೋಟೆಲು ಮುಚ್ಚಿದ ರಾತ್ರಿಯೇ ಗದಗ ಸ್ಟೇಷನ್ನಿನಲ್ಲಿ ಗಾಡಿ ಹತ್ತಿದನಂತೆ, ವಿಳಾಸ ಯಾರಲ್ಲೂ ಇಲ್ಲ. ಅವನ ಮೂರೂವರೆ ತಿಂಗಳ ಪಗಾರ ಒಂದು ಲಕೋಟೆಯಲ್ಲಿ ಮಠದ ಕಪಾಟಿನಲ್ಲಿದೆ. ಎಡಗೈಯ ಮೇಲೆ ಸುಟ್ಟ ಕಲೆ ಇತ್ತು ಎಂದು ಜೊತೆಗಾರರು ಹೇಳುತ್ತಾರೆ. ನಿಮ್ಮಲ್ಲಿ ಯಾರಾದರೂ ಅವನನ್ನು ಬಲ್ಲವರಿದ್ದರೆ, ಮಂಗಳಾರತಿಯ ನಂತರ ಮಠದ ಕಾರ್ಯಾಲಯಕ್ಕೆ ಬಂದು ತಿಳಿಸಬೇಕು.