ರಾಜಾದಿತ್ಯನ ಲೆಕ್ಕ



ಕಡೂರಿನ ಸಂತೆಯಲ್ಲಿ ನಿಂತು ಕೇಳಿ: ಮೂರು ತೆಂಗಿನಕಾಯಿಗೆ ತೊಂಬತ್ತು ರೂಪಾಯಿ, ಹಾಗಾದರೆ ಇಪ್ಪತ್ತಕ್ಕೆ ಎಷ್ಟು? ನೀವು ಬಾಯಿ ಮುಚ್ಚುವುದರೊಳಗೆ ಉತ್ತರ ಬಂದಿರುತ್ತದೆ, ಆರುನೂರು. ಪೆನ್ನಿಲ್ಲ, ಕಾಗದವಿಲ್ಲ.

ಈ ಲೆಕ್ಕಕ್ಕೆ ತ್ರೈರಾಶಿಕ ಎಂದು ಹೆಸರು. ಇದನ್ನು ಕನ್ನಡದಲ್ಲಿ ಬರೆದಿಟ್ಟವನು ರಾಜಾದಿತ್ಯ, 12ನೆಯ ಶತಮಾನದ ಜೈನ ಕವಿ. ಅವನಿಗಿಂತ ಮುನ್ನೂರು ವರ್ಷ ಮೊದಲು, ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹ ದೊಡ್ಡ ಗ್ರಂಥವೇ. ಆದರೆ ಅದು ಸಂಸ್ಕೃತ. ರಾಜಾದಿತ್ಯ ಸೂತ್ರವನ್ನೂ ಉದಾಹರಣೆಯನ್ನೂ ಕನ್ನಡದ ಗದ್ಯ, ಪದ್ಯಗಳಲ್ಲಿ ಹೇಳಿದ. ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ ಅವನ ಪುಸ್ತಕಗಳಲ್ಲಿ ಕೆಲವು. ಆರು ಆಳು ನಾಲ್ಕು ದಿನ ಸುಲಿಯುವ ಅಡಿಕೆಯನ್ನು ಎಂಟು ಆಳು ಮೂರೇ ದಿನಕ್ಕೆ ಮುಗಿಸುತ್ತಾರಲ್ಲ, ತರೀಕೆರೆಯ ತೋಟದವರಿಗೆ ಗೊತ್ತಿರುವ ಆ ಲೆಕ್ಕ ಅವನಲ್ಲಿ ವ್ಯಸ್ತತ್ರೈರಾಶಿಕ.

ನೆಲ ಅಳೆಯುವ ಕ್ಷೇತ್ರಗಣಿತವೂ ಬರೀ ಪಂಡಿತರ ಆಟವಲ್ಲ. ಹೊಯ್ಸಳರ ದಾನಶಾಸನಗಳನ್ನು ನೋಡಿ, ನೆಲದ ಅಳತೆ ಮತ್ತರು, ಕಂಬಗಳಲ್ಲಿದೆ. ಅಳೆಯುವ ಕೋಲೋ ಊರಿಗೊಂದು! ಅಳತೆ ತಪ್ಪಿದರೆ ಜಗಳ ಗ್ಯಾರಂಟಿ.

ಲೆಕ್ಕ ಉಳಿಯಿತು, ಬರೆದವನ ಬದುಕು ನಮಗೆಷ್ಟು ಗೊತ್ತು? ಹೋಲಿಕೆಗೆ ನೋಡಿ, ಹಾಲೆಂಡಿನಲ್ಲಿ ಸ್ಟೀಲ್ಟ್ಯೆಸ್ ಎಂಬ ಗಣಿತಜ್ಞನಿದ್ದ. 1856ರಲ್ಲಿ ಹುಟ್ಟಿದವನು. ಕಾಲೇಜಿನ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ, ಲೈಡನ್ನಿನ ಖಗೋಳ ವೀಕ್ಷಣಾಲಯದಲ್ಲಿ ಸಹಾಯಕನಾಗಿ ಸೇರಿ, ಕೊನೆಗೆ ಫ್ರಾನ್ಸಿನಲ್ಲಿ ಪ್ರಾಧ್ಯಾಪಕನಾಗಿ 38ನೆಯ ವಯಸ್ಸಿಗೇ ತೀರಿಕೊಂಡ. ಅವನೂ ಫ್ರೆಂಚ್ ಗಣಿತಜ್ಞ ಎರ್ಮೀತನೂ ಬರೆದುಕೊಂಡ 432 ಪತ್ರಗಳು ಅಚ್ಚಾಗಿವೆ. ಓದಿದರೆ ಮನುಷ್ಯ ಎದುರಿಗೆ ಬಂದು ಕೂರುತ್ತಾನೆ. ನಮ್ಮ ರಾಜಾದಿತ್ಯನದು? ಊರು ಪೂವಿನಬಾಗೆ, ತಂದೆ ಶ್ರೀಪತಿ, ತಾಯಿ ವಸಂತೆ, ಗುರು ಶುಭಚಂದ್ರ. ಬದುಕಿನ ಬಗ್ಗೆ ಉಳಿದದ್ದು ಹೆಚ್ಚುಕಡಿಮೆ ಇಷ್ಟೇ.

ಅದೇ ಶತಮಾನದಲ್ಲಿ, ತರೀಕೆರೆಯ ಹತ್ತಿರದ ಅಮೃತಾಪುರದಲ್ಲಿ ಅಮೃತೇಶ್ವರ ದಂಡನಾಯಕ 1196ರಲ್ಲಿ ದೇವಸ್ಥಾನ ಕಟ್ಟಿಸಿದ. ಅವನ ಕೀರ್ತಿಯನ್ನು ಕವಿ ಜನ್ನ ಶಾಸನದಲ್ಲಿ ಹಾಡಿದ. ಕಲ್ಲು ಇನ್ನೂ ನಿಂತಿದೆ. ಲೆಕ್ಕದವನಿಗೆ ಅಂಥ ಕಲ್ಲಿಲ್ಲ. ನನಗದು ಕೊರತೆ ಅನ್ನಿಸುವುದಿಲ್ಲ. ಸೂತ್ರ ಬಾಯಿಂದ ಬಾಯಿಗೆ ಹೋಗುತ್ತದೆ, ಬರೆದವನ ಹೆಸರನ್ನು ದಾರಿಯಲ್ಲೇ ಬಿಟ್ಟು.

ಆದರೆ ಬಾಯಿಗಳೂ ಕಡಿಮೆಯಾಗುತ್ತಿವೆ. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಒಪ್ಪಿಸಬಲ್ಲ ಅಜ್ಜನೋ ಅಜ್ಜಿಯೋ ಅಜ್ಜಂಪುರದ ನಿಮ್ಮ ಮನೆಯಲ್ಲಿದ್ದರೆ, ಇವತ್ತು ಸಂಜೆ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ ಹೇಳಿಸಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದೂ ಇಡಿ.